ಚೀಟಿಯಲ್ಲಿ ತೂಕವನ್ನೂ ಬರೆಯಿರಿ

ಮಂಡ್ಯ ಕಡೆಯ ಹಳ್ಳಿಗಳಿಂದ ಮೈಸೂರಿಗೆ ತೋರಿಸಲು ಬರುವ ವಯಸ್ಸಾದವರ ಔಷಧಿ ಚೀಟಿ ನೋಡುವುದು ನನ್ನ ಕೆಲಸ. ಹೆಸರು, ವಯಸ್ಸು, ಬಿಪಿ, ಶುಗರ್ ಎಲ್ಲ ಇರುತ್ತದೆ. ತೂಕ ಮಾತ್ರ ಎಷ್ಟೋ ಚೀಟಿಗಳಲ್ಲಿ ಇರುವುದಿಲ್ಲ. "ಕ್ರಿಯಾಟಿನಿನ್ 1.1 ಸಾರ್, ನಾರ್ಮಲ್ ಅಂತೆ" ಎಂದು ಮಕ್ಕಳು ನೆಮ್ಮದಿಯಿಂದ ಹೇಳುತ್ತಾರೆ. ನನಗೆ ಭಯವಾಗುವುದೇ ಆ ನೆಮ್ಮದಿ ಕಂಡು.

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಹೊರಹಾಕುವ ಒಂದು ಕಸ; ಅದು ಏರಿದರೆ ಕಿಡ್ನಿ ಸೋತಿದೆ ಎಂದು ಲೆಕ್ಕ. ಅದು ಹುಟ್ಟುವುದು ಮಾಂಸಖಂಡದಿಂದ. ಒಣಗಿ ಕಡ್ಡಿಯಾದ ಅಜ್ಜಿಯ ಮೈಯಲ್ಲಿ ಅದು ತಯಾರಾಗುವುದೇ ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ರಿಪೋರ್ಟಿನಲ್ಲಿ ಅಂಕಿ ಏರದೇ ಇರಬಹುದು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಂದಾಜಿಸುವ 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. 140ರಲ್ಲಿ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ. ಬಂದದ್ದನ್ನು 72ರಿಂದ ಭಾಗಿಸಿ, ಮತ್ತೆ ಕ್ರಿಯಾಟಿನಿನ್‌ನಿಂದ ಭಾಗಿಸಿ. ಹೆಂಗಸರಿಗಾದರೆ ಕೊನೆಗೆ 0.85ರಿಂದ ಗುಣಿಸಿ. 78 ವರ್ಷ, 42 ಕೆಜಿ, ಕ್ರಿಯಾಟಿನಿನ್ 1.1 ಇರುವ ಅಜ್ಜಿಗೆ ಬರುವ ಉತ್ತರ ನಿಮಿಷಕ್ಕೆ ಸುಮಾರು 28 ಮಿಲಿ. ಅಂದರೆ ಕಿಡ್ನಿ ನಿಮಿಷಕ್ಕೆ ಅಷ್ಟು ರಕ್ತದಿಂದ ಮಾತ್ರ ಈ ಕಸ ತೆಗೆಯುತ್ತಿದೆ. ಇದು ನಾರ್ಮಲ್ಲಾ?

ಈಗ ಕಾಲು ಉರಿಗೆ ಕೊಡುವ ಗ್ಯಾಬಪೆಂಟಿನ್ ನೋಡಿ. ಲಿವರ್ ಅದನ್ನು ಮುಟ್ಟುವುದೇ ಇಲ್ಲ, ಹೊರಹೋಗಲು ಕಿಡ್ನಿಯೊಂದೇ ದಾರಿ. ಕಿಡ್ನಿ ಸರಿ ಇದ್ದರೆ ಸುಮಾರು ಆರೂವರೆ ಗಂಟೆಯಲ್ಲಿ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಸೂತ್ರದ ಉತ್ತರ 30ಕ್ಕಿಂತ ಕೆಳಗಿದ್ದವರಲ್ಲಿ ಅದಕ್ಕೆ ಸರಾಸರಿ 52 ಗಂಟೆ ಬೇಕು. ಅರ್ಧಕ್ಕೆ ಇಳಿಯುವ ಲೆಕ್ಕದಲ್ಲಿ ಬಳಸುವ ಸ್ಥಿರ ಅಂಕಿ 0.693ನ್ನು ಈ ಗಂಟೆಗಳಿಂದ ಭಾಗಿಸಿದರೆ ಔಷಧಿ ಹೊರಹೋಗುವ ವೇಗ ಸಿಗುತ್ತದೆ: ಮೊದಲಿನವರಲ್ಲಿ ಗಂಟೆಗೆ 0.107, ಅಜ್ಜಿಯಂಥವರಲ್ಲಿ 0.013. ಎಂಟನೇ ಒಂದು ಭಾಗ! ಆದರೂ ಚೀಟಿಯಲ್ಲಿ 300 ಮಿಗ್ರಾಂ, ಮೂರು ಹೊತ್ತು. ಈ ಕಿಡ್ನಿಗೆ ದಿನಕ್ಕೆ 700 ದಾಟಬಾರದು, ಅದೂ ಒಂದೇ ಹೊತ್ತು. ದಿನ ಕಳೆದಂತೆ ಔಷಧಿ ಮೈಯಲ್ಲೇ ಉಳಿದು ಜಾಸ್ತಿಯಾಗುತ್ತದೆ. ಅಜ್ಜಿ ತೂಕಡಿಸುತ್ತಾರೆ, ತಡವರಿಸುತ್ತಾರೆ, ಬಚ್ಚಲಲ್ಲಿ ಬೀಳುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ" ಅನ್ನುತ್ತಾರೆ. ಇದು ನನಗೆ ತುಂಬ ನೋವಿನ ವಿಷಯ.

ಲೆಕ್ಕಕ್ಕೂ ಮಿತಿ ಇದೆ. ವಾಂತಿ-ಭೇದಿಯಾಗಿ ಕಿಡ್ನಿ ದಿಢೀರನೆ ಕುಸಿದಾಗ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಹಿಡಿಯುತ್ತದೆ. ಆಗ ಸೂತ್ರದ ಉತ್ತರ ನಿಜಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಅಂಥ ಹೊತ್ತಲ್ಲಿ ಮೂತ್ರ ಎಷ್ಟು ಹೋಗುತ್ತಿದೆ ಎಂದು ನೋಡಬೇಕು, ಮತ್ತೆ ಮತ್ತೆ ಟೆಸ್ಟ್ ಮಾಡಿಸಬೇಕು.

ಒಂದು ತೂಕದ ಯಂತ್ರ, ಅರ್ಧ ನಿಮಿಷ. ಇಷ್ಟು ರಶ್ಶಿನಲ್ಲೂ ಇದು ಆಗದ ಕೆಲಸವಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ತೂಕ ಬರೆಸಿ, "ಕಿಡ್ನಿ ಲೆಕ್ಕ ಹಾಕಿ ಡೋಸ್ ಕೊಟ್ಟಿದ್ದೀರಾ ಡಾಕ್ಟ್ರೇ?" ಎಂದು ಕೇಳಿ. ಇದನ್ನು ಓದಿ ಸುಮ್ನೆ ಮಾತ್ರೆ ನಿಲ್ಲಿಸಬೇಡಿ. ಗ್ಯಾಬಪೆಂಟಿನ್ ಒಮ್ಮೆಲೇ ಬಿಟ್ಟರೂ ತೊಂದರೆಯೇ. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಹಂತಹಂತವಾಗಿ ಮಾಡಲಿ.