ಅಜ್ಜಿಗೆ ನಿಜಾಮನ ಕಾಲದ ಚೀಟಿ ಬೇಕಂತೆ

ಕಾಡಿನಲ್ಲಿ ಬಾಳುವವರಿಗೆ ಅವರು ಉಳುವ ಭೂಮಿಯ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಗೆ ಮಹಿಳೆಯರೆಂದರೆ ಅಕ್ಕರೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿಯೂ ಇರಬೇಕು. ಅರ್ಜಿಗಳನ್ನು ಪರಿಶೀಲಿಸುವ ಊರಿನ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲೊಂದು ಪಾಲಾದರೂ ಅವರಿರಬೇಕು. ಇಷ್ಟು ಮರ್ಯಾದೆ ಮಾಡಿ ಕೂರಿಸಿದ ಮೇಲೆ ಕಚೇರಿ ಮೆಲ್ಲಗೆ ಕೇಳುತ್ತದೆ: ‘ಅದಿರಲಿ ತಾಯಿ, 75 ವರ್ಷದ ದಾಖಲೆ ಎಲ್ಲಿ?’

ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನಂಚಿನ ಲಂಬಾಣಿ ತಾಂಡಾಗಳಲ್ಲಿ ಗಂಡಸರು ಮುಂಬೈ, ಪುಣೆಗೆ ದುಡಿಯಲು ಹೋದರೆ ತೊಗರಿ ಹೊಲ ಕಾಯುವವರು, ಅರ್ಜಿ ಹಿಡಿದು ಕಚೇರಿಗೆ ಅಲೆಯುವವರು ಹೆಂಗಸರೇ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಹೀಗಾಗಿ ಈ ಕಾಯ್ದೆಯ ಲೆಕ್ಕದಲ್ಲಿ ‘ಇತರ ಪಾರಂಪರಿಕ ಅರಣ್ಯವಾಸಿಗಳು’. 2005ರ ಡಿಸೆಂಬರ್ 13ಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬಾಳಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930. ಆಗ ಕಲಬುರಗಿ ನಿಜಾಮನದು, ದಫ್ತರು ಉರ್ದುವಿನಲ್ಲಿ, ವರ್ಷ ಅವರ ಫಸಲಿ ಪಂಚಾಂಗದ ಲೆಕ್ಕದಲ್ಲಿ 1340. ಬೆನ್ನಿಗೆ ಕೂಸು ಕಟ್ಟಿಕೊಂಡು ಕಲ್ಲು ಆಯುತ್ತಿದ್ದ ಹೆಂಗಸು ಹೈದರಾಬಾದಿಗೆ ಹೋಗಿ ಒಂದು ರಸೀದಿ ಬರೆಸಿಕೊಂಡು ಬರಬಾರದಿತ್ತೇ? ಮುಂದಾಲೋಚನೆಯೇ ಇಲ್ಲದ ಜನ!

ಇನ್ನೂ ದೊಡ್ಡ ತಪ್ಪೆಂದರೆ ಗಡಿಯ ಈಚೆಗೆ ಹುಟ್ಟಿದ್ದು. ಆಚೆ ತೆಲಂಗಾಣದಲ್ಲಿ ಇದೇ ಜನ ಪರಿಶಿಷ್ಟ ಪಂಗಡ. ಅವರಿಗೆ 75 ವರ್ಷದ ಗೊಡವೆಯಿಲ್ಲ. 2005ರ ಆ ದಿನಕ್ಕೆ ಮೊದಲು ಭೂಮಿ ಕೈಯಲ್ಲಿದ್ದರೆ ಸಾಕು. ಅದೇ ಮಾತು, ಅದೇ ಕನ್ನಡಿ ಹೊಲಿದ ಲಂಗ, ಅದೇ ಸಂತ ಸೇವಾಲಾಲರ ಪೂಜೆ. ನಡುವೆ ಒಂದು ಗಡಿಕಲ್ಲು. ಅಜ್ಜಿಯನ್ನು ಬೇರೆ ಬೇರೆ ಜನಾಂಗಕ್ಕೆ ಸೇರಿಸುವ ಶಕ್ತಿ ಆ ಕಲ್ಲಿಗಿದೆ ಎಂದ ಮೇಲೆ ಅದಕ್ಕೊಂದು ತೆಂಗಿನಕಾಯಿ ಒಡೆಯಬೇಕು.

ತಮಾಷೆಯೆಂದರೆ ನಿಯಮಗಳು ಕಾಗದವನ್ನೇ ಹಟ ಹಿಡಿದು ಕೇಳುವುದಿಲ್ಲ. 2008ರ ನಿಯಮಗಳ 13ನೆಯದನ್ನು ಓದಿ: ಬದು, ಬಾವಿ, ಸಮಾಧಿ, ಹಿರಿಯರ ಮಾತು ಎಲ್ಲವೂ ಸಾಕ್ಷಿಯೇ. ಇದನ್ನು ಓದಿಸಿಕೊಂಡು ಬಂದ ಅಜ್ಜಿಯೊಬ್ಬಳು ಸಾಹೇಬರನ್ನು ಹೊಲಕ್ಕೆ ಕರೆದೊಯ್ದಳು ಎನ್ನಿ. ಬದುವಿನ ಕಲ್ಲು ಮುಟ್ಟಿ ‘ಇದು ನಮ್ಮತ್ತೆ ಕಟ್ಟಿದ್ದು’ ಎಂದಳು. ಮಣ್ಣಿನ ದಿಬ್ಬ ತೋರಿಸಿ ‘ಇದು ನಮ್ಮತ್ತೆ’ ಎಂದಳು. ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: ‘ಇವರ ಮರಣ ಪ್ರಮಾಣಪತ್ರ ಇದೆಯೇನಮ್ಮ?’

ಮಾರ್ಚ್ 8 ಬಂದಾಗ ಅದೇ ಅಜ್ಜಿಯನ್ನು ವೇದಿಕೆಗೆ ಕರೆದು ‘ಭೂತಾಯಿಯ ರಕ್ಷಕಿ’ ಎಂದು ಶಾಲು ಹೊದಿಸುತ್ತಾರೆ. ಭೂಮಿ ಯಾರದು ಎಂಬ ಕಡತ ಆಗಿನ್ನೂ ಪಕ್ಕದ ಕೋಣೆಯಲ್ಲಿ ಪರಿಶೀಲನೆಯಲ್ಲಿರುತ್ತದೆ. ಶಾಲಿಗೆ ಯಾವ ದಾಖಲೆಯೂ ಬೇಕಾಗುವುದಿಲ್ಲ, ನೋಡಿ.

ಕೊನೆಗೆ ಉತ್ತರ ಬಂತು: ‘ಸೂಕ್ತ ದಾಖಲೆ ಇಲ್ಲದ ಕಾರಣ ತಿರಸ್ಕರಿಸಲಾಗಿದೆ.’ ಸರ್ವೆ ನಂಬರು, ಸಹಿ, ದುಂಡು ಮೊಹರು, ಹೊಲದ ಜೊತೆಗೆ ಅಜ್ಜಿಯ ಹೆಸರು ಸೇರಿದ ಮೊದಲ ಸರ್ಕಾರಿ ಕಾಗದ. ಅವಳು ಅದನ್ನು ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿಟ್ಟಳು. ‘ತಿರಸ್ಕಾರದ ಪತ್ರಕ್ಕೇಕೆ ಇಷ್ಟು ಉಪಚಾರ?’ ಎಂದು ಸಾಹೇಬರು ನಕ್ಕರು.

‘ಮೊಮ್ಮಗಳಿಗೆ ಬೇಕಾಗುತ್ತದೆ ಸಾಹೇಬರೇ, ಇನ್ನು 75 ವರ್ಷಕ್ಕೆ’ ಎಂದಳು ಅಜ್ಜಿ.