ಗಿಡಮದ್ದಿಗೂ ಒಂದು ಚೀಟಿ ಬೇಕು

ಸಂದುನೋವಿಗೆ ಗಿಡಮದ್ದು ಹಚ್ಚುವವರು ನಮ್ಮ ಕಲಬುರಗಿ ಕಡೆಯವರು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ನಾನೀಗ ಇರುವ ಜರ್ಮನಿಯಲ್ಲೂ ಇದು ದಿನನಿತ್ಯದ ಮಾತು. ಇಲ್ಲಿನ ಔಷಧಿ ಅಂಗಡಿಯಲ್ಲಿ ಟಾಯ್ಫೆಲ್ಸ್‌ಕ್ರಾಲೆ ಎಂಬ ಬೇರಿನ ಮಾತ್ರೆ ಸಿಗುತ್ತದೆ. ಅದು ಆಫ್ರಿಕಾದ ಕಲಹರಿ ಮರುಭೂಮಿಯ ಗಿಡ. ಬೈನ್‌ವೆಲ್ ಎಂಬ ಇನ್ನೊಂದು ಗಿಡದ ಬೇರಿನ ಮುಲಾಮೂ ಇದೆ.

ಆದರೆ ಡಬ್ಬಿಯೊಳಗೆ ಒಂದು ಚೀಟಿ ಇರುತ್ತದೆ. ಹೊಟ್ಟೆಯಲ್ಲಿ ಹುಣ್ಣಿದ್ದವರು ಈ ಮಾತ್ರೆ ನುಂಗಬಾರದು, ಸಂದು ಕೆಂಪಾಗಿ ಬಾತುಕೊಂಡಿದ್ದರೆ ಅಥವಾ ಜ್ವರ ಇದ್ದರೆ ಡಾಕ್ಟರಿಗೆ ತೋರಿಸಿ ಅಂತ ಬರೆದಿರುತ್ತದೆ. ಬೈನ್‌ವೆಲ್ ಮುಲಾಮನ್ನು ಗಾಯದ ಮೇಲೆ ಹಚ್ಚುವಂತಿಲ್ಲ. ಆ ಬೇರಿನಲ್ಲಿ ಲಿವರಿಗೆ ಕೆಡುಕು ಮಾಡುವ ಅಂಶವಿದೆ.

ನಮ್ಮೂರಲ್ಲಿ ಲಕ್ಕಿ ಸೊಪ್ಪು ಕುದಿಸಿದ ಬಿಸಿನೀರು ಮೊಣಕಾಲಿಗೆ ಹಾಕುತ್ತಾರೆ. ಔಡಲ ಎಲೆಗೆ ಎಣ್ಣೆ ಸವರಿ, ಬೆಚ್ಚಗೆ ಮಾಡಿ ಕಟ್ಟುತ್ತಾರೆ. ಸವೆದ ಮೊಣಕಾಲಿಗೆ ಕಾವು ಬಿದ್ದರೆ ಬಿಗಿತ ಸಡಿಲಾಗುತ್ತದೆ, ಅದು ನಿಜ. ಮನೆಯವರೇ ಕೂತು ತಿಕ್ಕುವ ಆರೈಕೆ ಇಲ್ಲಿ ನನಗೆ ಅಷ್ಟಾಗಿ ಕಾಣುವುದಿಲ್ಲ. ಅದು ನಮ್ಮಲ್ಲಿ ಉಳಿಯಲೇಬೇಕು. ಆದರೆ ಉರಿಯುತ್ತಿರುವ, ಕೆಂಪಾದ ಸಂದಿಗೆ ಕಾವು ಬೇಡ.

ನನಗೆ ಭಯ ಇರುವುದು ಹೆಸರಿಲ್ಲದ ಪುಡಿಗಳದ್ದು. ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಎರಡೇ ದಿನಕ್ಕೆ ನೋವು ಮಾಯವಾದರೆ ಜನ ಕೈಮುಗಿಯುತ್ತಾರೆ. ಅಲ್ಲೇ ಅನುಮಾನ ಬರಬೇಕು, ಅಲ್ವಾ? ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್, ಅಂದರೆ ನೋವು ಬಾವು ಬೇಗ ಇಳಿಸುವ ಬಲವಾದ ಇಂಗ್ಲಿಷ್ ಔಷಧಿ, ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ಅದನ್ನು ತಿಂಗಳುಗಟ್ಟಲೆ ತಿಂದರೆ ಶುಗರ್, ಬಿಪಿ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಒಮ್ಮೆಲೇ ಬಿಟ್ಟರೂ ಅಪಾಯ.

ಎಲ್ಲ ಸಂದುನೋವೂ ಒಂದೇ ಅಲ್ಲ. ಬೆಳಿಗ್ಗೆ ಎದ್ದಾಗ ಬೆರಳು ಬಾತುಕೊಂಡು, ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಮಡಚಲು ಬರದಿದ್ದರೆ ಅದು ರುಮಟಾಯ್ಡ್ ಇರಬಹುದು, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಸಂದಿನ ಮೇಲೆ ತಿರುಗಿಬೀಳುವ ಕಾಯಿಲೆ. ಅದಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಬಿಟ್ಟು ಬರೀ ಸೊಪ್ಪು ನಂಬಿದರೆ ಸಂದು ಹಾಳಾಗುತ್ತದೆ. ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ.

ಅರಿಶಿನದ್ದೂ ಒಂದು ಮಾತು. ನೋವಿಗೆ ಒಳ್ಳೆಯದು ಅಂತ ಹೇಳುವ ಅದರ ಕರ್ಕ್ಯುಮಿನ್ ಎಂಬ ಅಂಶ ನೂರು ಗ್ರಾಂ ಪುಡಿಯಲ್ಲಿ ಸುಮಾರು 3 ಗ್ರಾಂ ಅಷ್ಟೇ, ಮೈಗೆ ಹತ್ತುವುದು ಇನ್ನೂ ಕಡಿಮೆ. ಅಡುಗೆಗೆ ಧಾರಾಳವಾಗಿ ಹಾಕಿ. ಕ್ಯಾಪ್ಸೂಲ್ ನುಂಗುವುದಾದರೆ, ರಕ್ತ ತೆಳ್ಳಗೆ ಮಾಡುವ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಲೇಬೇಕು.

ಡಾಕ್ಟರು ಬೈತಾರೆ ಅಂತ ನಮ್ಮ ಹಿರಿಯರು ಪುಡಿಯ ವಿಷಯ ಮುಚ್ಚಿಡುತ್ತಾರೆ. ಡಾಕ್ಟರೇ, ಬೈಯಬೇಡಿ. "ಅವ್ವಾ, ಬೇರೆ ಏನು ತಗೋತೀರಿ?" ಅಂತ ಮೊದಲು ಕೇಳಿ.