ಸತ್ಯಾಂಶ: ಚಿಪ್ಪು ಸುಲಿದರೂ ಮೊಟ್ಟೆ ಸಿಡಿಯುತ್ತದೆ

‘ಮೈಕ್ರೊವೇವ್‌ನಲ್ಲಿ ಮೊಟ್ಟೆ ಸಿಡಿಯುವುದು ಚಿಪ್ಪಿನ ದೆಸೆಯಿಂದ, ಬೇಯಿಸಿ ಸುಲಿದದ್ದನ್ನು ಧಾರಾಳವಾಗಿ ಬಿಸಿ ಮಾಡಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ತಲೆ ಎತ್ತುತ್ತದೆ. ಅರ್ಧ ಮಾತು ನಿಜ. ಹಸಿ ಮೊಟ್ಟೆಯನ್ನು ಚಿಪ್ಪಿನ ಸಮೇತ ಇಟ್ಟರೆ ಆವಿಗೆ ದಾರಿ ಸಿಗದೆ ಸಿಡಿಯುತ್ತದೆ. ಆದರೆ ಸುಲಿದ ಮೊಟ್ಟೆ ಇನ್ನೂ ಕಿಲಾಡಿ.

ಬೆಂದ ಹಳದಿ ಭಾಗದ ಸಂದುಗಳಲ್ಲಿ ನೀರು ಸಿಲುಕಿಕೊಂಡಿರುತ್ತದೆ. ಅದು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರಬಲ್ಲದು. ಬಿಳಿ ಭಾಗ ಏನೂ ಅರಿಯದಂತೆ ನುಣ್ಣಗೆ ತಟ್ಟೆಯಲ್ಲಿ ಕುಳಿತಿರುತ್ತದೆ. ಫೋರ್ಕ್ ಚುಚ್ಚಿದ ಅಥವಾ ಹಲ್ಲು ತಾಗಿದ ಕ್ಷಣ ಆ ನೀರೆಲ್ಲ ಒಮ್ಮೆಗೇ ಆವಿಯಾಗಿ, ಹಳದಿ ಚೂರುಗಳು ಮುಖಕ್ಕೆ, ಗೋಡೆಗೆ, ಕ್ಯಾಲೆಂಡರಿಗೆ ಹಾರುತ್ತವೆ. ನಗು ಬರುವ ಸಂಗತಿಯೇ. ಆದರೆ ಕಣ್ಣು, ಬಾಯಿ ಸುಟ್ಟುಕೊಂಡು ಆಸ್ಪತ್ರೆ ಸೇರಿದವರೂ ಇದ್ದಾರೆ.

ಅಮೆರಿಕದ ಹೋಟೆಲೊಂದರಲ್ಲಿ ಹೀಗೆ ಮೊಟ್ಟೆ ಸಿಡಿದು ಕಿವಿಗೆ ಪೆಟ್ಟಾಯಿತೆಂದು ಗ್ರಾಹಕರೊಬ್ಬರು ದಾವೆಯನ್ನೇ ಹೂಡಿದ್ದರು. ಆ ನೆಪದಲ್ಲಿ ನಡೆದ ಪ್ರಯೋಗದ ವಿವರವನ್ನು 2017ರಲ್ಲಿ ಅಲ್ಲಿನ ಧ್ವನಿವಿಜ್ಞಾನ ಸಂಘದ ಸಭೆಯಲ್ಲಿ ಮಂಡಿಸಲಾಯಿತು. ಬೆಂದ ಮೊಟ್ಟೆಗಳನ್ನು ನೀರಿನಲ್ಲಿ ಮುಳುಗಿಸಿ ಮೈಕ್ರೊವೇವ್‌ನಲ್ಲಿ ಕಾಯಿಸಿದಾಗ ಹಳದಿ ಭಾಗ ಸುತ್ತಲಿನ ನೀರಿಗಿಂತ ಹೆಚ್ಚು ಕಾದಿತ್ತು. ಸಿಡಿದವುಗಳ ಸದ್ದು ಒಂದು ಅಡಿ ದೂರದಲ್ಲಿ 86ರಿಂದ 133 ಡೆಸಿಬೆಲ್. ಎಲ್ಲವೂ ಸಿಡಿಯಲಿಲ್ಲ ಎನ್ನುವುದೂ ಸತ್ಯ. ‘ನಮ್ಮ ಮನೆಯಲ್ಲಿ ಏನೂ ಆಗಿಲ್ಲ’ ಎಂಬ ವಾದ ಹುಟ್ಟುವುದೇ ಅಲ್ಲಿಂದ.

ಸೂಜಿಯಿಂದ ತೂತು ಮಾಡಿದರೂ ಖಾತರಿಯಿಲ್ಲ. ಬೆಂದ ಮೊಟ್ಟೆಯನ್ನು ಬಿಸಿ ಮಾಡಲೇಬೇಕಿದ್ದರೆ ಕುದಿಸಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಮಿಕ್ಕ ಮೊಟ್ಟೆ ಸಾರಾದರೆ ಒಲೆಯ ಮೇಲೆಯೇ ಕುದಿಸಿ.